ಎರಡು ಹಿಡಿಕೆಯ ಮಾತು

"ಸ್ವಲ್ಪ ಸಹಿಸಿಕೋ, ಎಲ್ಲ ಸರಿಹೋಗುತ್ತದೆ" ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣು ನಮ್ಮಲ್ಲಿ ಸಿಗುವುದು ಕಷ್ಟ. ಹಾಗಾಗಿ ಸ್ಟೋಯಿಕ್ ತತ್ತ್ವಜ್ಞಾನಿ ಎಪಿಕ್ಟೆಟಸ್‌ನ 'ಕೈಪಿಡಿ'ಯನ್ನು ಇಂಗ್ಲಿಷಿನಲ್ಲಿ ಓದಲು ಕೂತಾಗ ನನಗೆ ಭಕ್ತಿಗಿಂತ ಗುಮಾನಿಯೇ ಹೆಚ್ಚಿತ್ತು. ತಾಳ್ಮೆಯ ಪಾಠ ಹೇಳಿಸಿಕೊಳ್ಳಲು ನಾವು ಗ್ರೀಸಿನವರೆಗೆ ಹೋಗಬೇಕೆ?

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್ ನಗರದಲ್ಲಿ ಜೀನೋ ಎಂಬವನು ಚಿತ್ರಗಳಿದ್ದ ಒಂದು ಮೊಗಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಆ ಮೊಗಸಾಲೆಯ ಹೆಸರು 'ಸ್ಟೋವಾ'. ಅದರಿಂದಲೇ ಸ್ಟೋಯಿಕ್ ಎಂಬ ಹೆಸರು ಬಂತು. ನಾಲ್ಕು ಶತಮಾನಗಳ ನಂತರ ಬಂದ ಎಪಿಕ್ಟೆಟಸ್ ರೋಮಿನಲ್ಲಿ ಗುಲಾಮನಾಗಿದ್ದವನು, ಕಾಲು ಕುಂಟು. ಬಿಡುಗಡೆಯಾದ ಮೇಲೆ ಬೋಧನೆಗೆ ನಿಂತ. ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ರೋಮಿನಿಂದ ಓಡಿಸಿದಾಗ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಶಾಲೆ ತೆರೆದ. ಅವನ ಮಾತುಗಳನ್ನು ಬರೆದಿಟ್ಟವನು ಶಿಷ್ಯ ಆರ್ರಿಯನ್.

ಕೈಪಿಡಿಯ ತಿರುಳು ಸರಳ. ನಮ್ಮ ಎಣಿಕೆ, ಬಯಕೆ, ನಿರ್ಧಾರಗಳು ನಮ್ಮ ಕೈಯಲ್ಲಿವೆ. ದೇಹ, ಆಸ್ತಿ, ಜನರ ಹೊಗಳಿಕೆ, ಅಧಿಕಾರ ನಮ್ಮ ಕೈಯಲ್ಲಿಲ್ಲ. ಎರಡನೆಯದರ ಬೆನ್ನುಹತ್ತಿದವನಿಗೆ ನೆಮ್ಮದಿಯಿಲ್ಲ. ಉಂಡುಟ್ಟು ಸುಖವಾಗಿದ್ದವನು ಇದನ್ನು ಹೇಳಿದ್ದರೆ ನಾನು ಪುಸ್ತಕ ಮುಚ್ಚಿಡುತ್ತಿದ್ದೆ. ತನ್ನ ಮೈಯೇ ಇನ್ನೊಬ್ಬನ ಸ್ವತ್ತಾಗಿದ್ದ ಮನುಷ್ಯ ಹೇಳಿದ್ದರಿಂದ ಅದಕ್ಕೊಂದು ತೂಕವಿದೆ.

ಆದರೂ ಎರಡು ಕಡೆ ನನಗೆ ತಡೆಯಾಯಿತು. ಮಗುವಿಗೆ ಮುತ್ತಿಡುವಾಗಲೂ ಇದು ಸಾಯುವ ಜೀವವೆಂದು ನೆನಪಿಟ್ಟುಕೋ, ಆಗ ಅದು ಹೋದರೂ ಕದಡುವುದಿಲ್ಲ ಎನ್ನುತ್ತಾನೆ. ಇದೇ ಮಾತನ್ನು ಮಣ್ಣಿನ ಪಾತ್ರೆಗೂ ಅನ್ವಯಿಸುತ್ತಾನೆ. ಮಗುವನ್ನೂ ಮಡಕೆಯನ್ನೂ ಒಂದೇ ಸಾಲಿನಲ್ಲಿ ಇಡುವುದು, ಜ್ವರ ಬಂದ ಕೂಸಿನ ಪಕ್ಕದಲ್ಲಿ ರಾತ್ರಿಯಿಡೀ ಕೂರದವರಿಗೆ ಮಾತ್ರ ಸಾಧ್ಯ ಎನಿಸಿತು. ಆದರೆ ಮದುವೆಯಾಗದ ಈತ ಮುದಿತನದಲ್ಲಿ, ಬಡತನದಿಂದಾಗಿ ಹೆತ್ತವರು ಬಿಟ್ಟುಬಿಡಲಿದ್ದ ಮಗುವೊಂದನ್ನು ತಂದು, ಅದನ್ನು ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಮನೆಗೆ ಕರೆತಂದನೆಂದು ಪ್ರತೀತಿಯಿದೆ. ಮಾತಿಗಿಂತ ಮನುಷ್ಯ ಮೆತ್ತಗಿದ್ದನೇನೋ!

ಎರಡನೆಯದು ಇನ್ನೂ ತೊಡಕಿನದು. ಪ್ರತಿಯೊಂದು ಸಂಗತಿಗೂ ಎರಡು ಹಿಡಿಕೆಗಳಿವೆ, ಒಂದರಿಂದ ಎತ್ತಬಹುದು, ಇನ್ನೊಂದರಿಂದ ಆಗದು ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಉದಾಹರಣೆ ಅಣ್ಣತಮ್ಮಂದಿರದು. ಸೋದರ ಅನ್ಯಾಯ ಮಾಡಿದರೆ 'ಅನ್ಯಾಯ' ಎಂಬ ಹಿಡಿಕೆ ಹಿಡಿಯಬೇಡ, 'ಒಡಹುಟ್ಟಿದವನು' ಎಂಬ ಹಿಡಿಕೆ ಹಿಡಿ.

ನಮ್ಮ ಮನೆಗಳಲ್ಲಿ ಈ ಎರಡನೆಯ ಹಿಡಿಕೆಯನ್ನು ಹೆಣ್ಣುಮಕ್ಕಳ ಕೈಗೆ ಎಂದೋ ಕೊಟ್ಟಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು; 2005ರಲ್ಲಿ ಕೇಂದ್ರದ ಕಾನೂನೇ ಬದಲಾಯಿತು. ಆದರೂ ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು, "ತವರಿನ ಬಾಗಿಲು ತೆರೆದಿರಲಮ್ಮ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ನಿಂತಿಲ್ಲ. ಹಾಗೆ ರುಜು ಹಾಕಿದ ಅಕ್ಕತಂಗಿಯರನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಅವರಿಗೆ ಕೈಪಿಡಿಯ ಈ ಪುಟವನ್ನು ಓದಿ ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಪುಸ್ತಕ ಬೇಡವೆ? ಬೇಕು, ಆದರೆ ಪೂರ್ತಿ ಬೇಕು. ಸ್ಟೋಯಿಕರು ಹೇಳುವ ಮುಖ್ಯ ಗುಣಗಳು ನಾಲ್ಕು: ವಿವೇಕ, ನ್ಯಾಯ, ಧೈರ್ಯ, ಸಂಯಮ. ಹೆಣ್ಣಿಗೆ ಉಪದೇಶ ಮಾಡುವವರು ಮೊದಲಿನ ಮೂರನ್ನು ತಮ್ಮಲ್ಲೇ ಇಟ್ಟುಕೊಂಡು ನಾಲ್ಕನೆಯದನ್ನು ಮಾತ್ರ ಬಡಿಸುತ್ತಾರೆ. ಎಪಿಕ್ಟೆಟಸ್‌ನ ಗುರು ಮುಸೋನಿಯಸ್ ರೂಫಸ್ ಹಾಗೆ ಮಾಡಲಿಲ್ಲ. ಗಂಡಿಗಿರುವ ಬುದ್ಧಿಯೇ ಹೆಣ್ಣಿಗೂ ಇದೆ, ಆಕೆಯೂ ತತ್ತ್ವಶಾಸ್ತ್ರ ಓದಬೇಕು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಶಿಕ್ಷಣವೇ ಸಿಗಬೇಕು ಎಂದು ಅವನು ಒಂದನೆಯ ಶತಮಾನದಲ್ಲೇ ವಾದಿಸಿದ್ದ. ನಾಲ್ಕನ್ನೂ ಒಟ್ಟಿಗೆ ಓದಿದಾಗ ಹಿಡಿಕೆಯ ಮಾತಿನ ಅರ್ಥವೇ ಬೇರೆಯಾಗುತ್ತದೆ. ಒಡಹುಟ್ಟಿದವನ ಮೇಲೆ ಹಗೆ ಬೇಡ ಎಂಬುದು ಒಂದು ಮಾತು, ನಿನ್ನ ಪಾಲು ಕೇಳಬೇಡ ಎಂಬುದು ಇನ್ನೊಂದು. ಮೊದಲನೆಯದು ಎಪಿಕ್ಟೆಟಸ್‌ನದು; ಎರಡನೆಯದನ್ನು ಸೇರಿಸಿದವರು ನಾವು. ವಿಷ ಕಾರದೆಯೂ ಪಾಲು ಕೇಳಬಹುದು. ಸಿಕ್ಕೀತೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಕೇಳುವುದು ನಮ್ಮ ಕೈಯಲ್ಲಿದೆ.

ಎಪಿಕ್ಟೆಟಸ್‌ನ ಉಳಿದ ಮಾತುಗಳೆಲ್ಲವನ್ನೂ ಮೊದಲು ಇಂಗ್ಲಿಷಿಗೆ ತಂದದ್ದು ಒಬ್ಬ ಹೆಣ್ಣುಮಗಳು, ಎಲಿಜಬೆತ್ ಕಾರ್ಟರ್. ಇಂಗ್ಲೆಂಡಿನ ಡೀಲ್ ಎಂಬ ಕಡಲ ಊರಿನ ಪಾದ್ರಿಯ ಮಗಳು. ತಮ್ಮನನ್ನು ಕೇಂಬ್ರಿಡ್ಜಿಗೆ ಸಿದ್ಧಪಡಿಸುತ್ತ, ಅಂಗಿ ಹೊಲಿಯುತ್ತ ಮಾಡಿದ ಆ ಅನುವಾದ 1758ರಲ್ಲಿ ಅಚ್ಚಾಯಿತು. ಆಕೆಗೆ ಪುಡಿಂಗ್ ಮಾಡುವುದೂ ಎಪಿಕ್ಟೆಟಸ್‌ನನ್ನು ಅನುವಾದಿಸುವುದೂ ಒಂದೇ ಸಮ ಬರುತ್ತದೆಂದು ಡಾಕ್ಟರ್ ಜಾನ್ಸನ್ ಮೆಚ್ಚಿಕೊಂಡಿದ್ದ. ಆಕೆ ಬರೆದ ಮುನ್ನುಡಿಯೇ ಸ್ಟೋಯಿಕರ ಕೊರತೆಗಳನ್ನು ಎತ್ತಿ ತೋರಿಸುತ್ತದೆ ಎಂಬುದು ನನಗೆ ಹೆಚ್ಚು ಹಿಡಿಸಿದ ಸಂಗತಿ. ಪುಸ್ತಕದಿಂದ ಬಂದ ಹಣದಲ್ಲಿ ಆಕೆ ಡೀಲ್‌ನಲ್ಲೊಂದು ಮನೆ ಕೊಂಡಳು. ವಯಸ್ಸಾದ ತಂದೆಯನ್ನು ಆ ಮನೆಯಲ್ಲೇ ಇಟ್ಟುಕೊಂಡಳು.