ಅಮಲಿನಲ್ಲಿ ಆಡಿದ ಮಾತಿಗೆ ಬೆಲೆ ಎಷ್ಟು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವುದೇ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಯಾರದೋ ಮನೆಯಲ್ಲಿ ಕಳವಾಗಿದೆ. ಸಂಜೆ ಕೂಲಿಯ ದುಡ್ಡು ಕೈಗೆ ಬಂದ ಮೇಲೆ ಒಬ್ಬ ಕುಡಿದು ಕಟ್ಟೆಯ ಮೇಲೆ ಕೂತಿದ್ದಾನೆ. ಅವನಿಗೆ ಕೆಲಸ ಕೊಡುವ ಧಣಿ ಬಂದು, 'ನೀನೇ ಮಾಡಿದಿ ಹೌದಲ್ಲೋ?' ಎಂದು ಕೇಳುತ್ತಾನೆ. 'ಹೌದ್ರಿ ಧಣಿ' ಎನ್ನುತ್ತಾನೆ ಈತ. ಬೆಳಗ್ಗೆ ಅಮಲು ಇಳಿದಾಗ ಅವನಿಗೆ ಏನೂ ನೆನಪಿಲ್ಲ. ಧಣಿಗೆ ನೆನಪಿದೆ. ಈ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾದೀತೇ?

ಆದೀತು ಎನ್ನುತ್ತದೆ ಕಾನೂನು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯ್ದೆಯ 29ನೇ ಕಲಮಿನ ಪ್ರಕಾರ, ಕುಡಿದಿದ್ದಾಗ ಹೇಳಿದ್ದೆಂಬ ಒಂದೇ ಕಾರಣಕ್ಕೆ ತಪ್ಪೊಪ್ಪಿಗೆಯನ್ನು ತಳ್ಳಿಹಾಕುವಂತಿಲ್ಲ. ವಂಚಿಸಿ ಬಾಯಿ ಬಿಡಿಸಿದ್ದರೂ ಅಷ್ಟೇ. ವಸಾಹತು ಕಾಲದ ಕಾನೂನುಗಳನ್ನು ತೊಡೆದುಹಾಕುತ್ತೇವೆ ಎಂದು ಸಾರಿ 2024ರ ಜುಲೈ 1ರಂದು ಜಾರಿಗೆ ತಂದ ಭಾರತೀಯ ಸಾಕ್ಷ್ಯ ಅಧಿನಿಯಮದ 22ನೇ ಕಲಮಿನಲ್ಲೂ ಈ ಮಾತು ಹಾಗೆಯೇ ಕೂತಿದೆ. ಆಮಿಷ, ಬೆದರಿಕೆಗಳ ಜೊತೆಗೆ ಒತ್ತಾಯ ಎಂಬ ಪದವನ್ನು ಹೊಸದಾಗಿ ಸೇರಿಸಿದವರು ಅಮಲಿನ ಕಡೆ ನೋಡಲೇ ಇಲ್ಲ.

ಪೊಲೀಸರೆದುರು ಒಪ್ಪಿಕೊಂಡದ್ದು ನಡೆಯದು. ಅದರಿಂದ ಏನಾದರೂ ಪತ್ತೆಯಾದರೆ ಆ ಭಾಗಕ್ಕಷ್ಟೇ ಬೆಲೆ. ಮ್ಯಾಜಿಸ್ಟ್ರೇಟರಂತೂ 'ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ' ಎಂದು ತಿಳಿಹೇಳಬೇಕು, ಯೋಚಿಸಲು ಸಮಯ ಕೊಡುವುದು ರೂಢಿ. ಆದರೆ ಧಣಿ ಪೊಲೀಸನೂ ಅಲ್ಲ, ಮ್ಯಾಜಿಸ್ಟ್ರೇಟನೂ ಅಲ್ಲ. ಕಟ್ಟೆಯ ಮೇಲೆ ಎಚ್ಚರಿಕೆ ಹೇಳುವವರು ಯಾರು?

ವಿಚಿತ್ರವೆಂದರೆ, ಇದೇ ಪ್ರಶ್ನೆಯ ಇನ್ನೊಂದು ಮುಖಕ್ಕೆ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಮಾತುಗಳು ತಾವಾಗಿಯೇ ಸಾಕ್ಷ್ಯವಾಗವು. ಏಕೆಂದರೆ ಆ ಹೊತ್ತಿನಲ್ಲಿ ಉತ್ತರಗಳ ಮೇಲೆ ಅವನಿಗೆ ಹಿಡಿತವಿರದು. ಸೋಡಿಯಂ ಪೆಂಟೊಥಾಲ್ ಮಾಡುವ ಕೆಲಸವನ್ನು ಸಾರಾಯಿ ಮಾಡುವುದಿಲ್ಲವೇ? ಎರಡೂ ಮಿದುಳಿನ ಕಡಿವಾಣ ಸಡಿಲಿಸುವಂಥವೇ. ಸೂಜಿಗೆ ಒಂದು ನ್ಯಾಯ, ಬಾಟಲಿಗೆ ಇನ್ನೊಂದೇ?

ಅವನು ಸ್ವಂತ ಇಚ್ಛೆಯಿಂದ ಕುಡಿದನಲ್ಲ ಎನ್ನುವವರಿದ್ದಾರೆ. ಕುಡಿದದ್ದು ಇಚ್ಛೆಯಿಂದ ಇರಬಹುದು, ಹೇಳಿದ್ದೂ ಹಾಗೆಯೇ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಮಾಇಝ್ ಎಂಬವರು ತಾವಾಗಿಯೇ ಬಂದು ತಪ್ಪೊಪ್ಪಿಕೊಂಡಾಗ ಪ್ರವಾದಿ ಮುಹಮ್ಮದ್(ಸ)ರು, ಇವರು ಮದ್ಯ ಕುಡಿದಿದ್ದಾರೆಯೇ ಎಂದು ವಿಚಾರಿಸಿದರು. ಒಬ್ಬರು ಎದ್ದು ಅವರ ಬಾಯಿ ಮೂಸಿ ನೋಡಿದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮದ್ಯವನ್ನು ಪಾಪವೆನ್ನುವ ಸಮಾಜದಲ್ಲಿ ಕೂಡ, ಕುಡಿದವನಾಗಿದ್ದರೆ ಆ ಮಾತನ್ನು ಅವನ ಮೇಲೆ ಹೊರಿಸುವ ಮೊದಲು ಯೋಚಿಸಬೇಕಿತ್ತು.

ಇಂಥ ಖಾಸಗಿ ತಪ್ಪೊಪ್ಪಿಗೆ ದುರ್ಬಲ ಸಾಕ್ಷ್ಯ, ಬೇರೆ ಪುರಾವೆಯ ಬೆಂಬಲ ಬೇಕು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ, ನಿಜ. ಆದರೆ ಆ ತೂಕ ನಡೆಯುವುದು ವಿಚಾರಣೆಯ ಕೊನೆಗೆ. ಜಾಮೀನು ಸಿಗದ ಬಡವ ಅಷ್ಟರವರೆಗೆ ಒಳಗಿರಬೇಕು.

ಇನ್ನು ಭಾಷೆ. ಕನ್ನಡ, ದಖನಿ ಉರ್ದು, ಮರಾಠಿ ಬೆರೆತ ಈ ಸೀಮೆಯಲ್ಲಿ ಅವನು ಆಡಿದ್ದೊಂದು ಮಾತು, ಹೇಳಿಕೆಯಲ್ಲಿ ದಾಖಲಾಗುವುದು ಅಚ್ಚುಕಟ್ಟಾದ ಕಚೇರಿ ಕನ್ನಡ. ಧಣಿಯ ಎದುರಿನ 'ಹೌದ್ರಿ' ಎಷ್ಟೋ ಸಲ ಒಪ್ಪಿಗೆಯಲ್ಲ, ಬರೀ ಮರ್ಯಾದೆ. ಆರೋಪಿಯ ಪರ ವಕೀಲರು ಪಾಟಿಸವಾಲಿನಲ್ಲಿ ಇದನ್ನು ಕೆದಕಲೇಬೇಕು: ನಿಖರವಾಗಿ ಯಾವ ಶಬ್ದ ಆಡಿದ, ಎಷ್ಟು ಕುಡಿದಿದ್ದ, ಕುಡಿಸಿದವರು ಯಾರು?