ಇಂಗ್ಲೆಂಡಿನ ಆಸ್ಪತ್ರೆಗಳ ಉಪಕರಣ ಖರೀದಿ: ಕೆಲವು ವರದಿಗಳ ವಿಮರ್ಶೆ

ಸರ್ಕಾರದ ವರದಿಗಳನ್ನು ಆಮೂಲಾಗ್ರವಾಗಿ ಓದುವ ರೂಢಿ ನಮ್ಮಲ್ಲಿ ವಿರಳ. ಬೇಕಾದ ಅಂಕಿಗಳನ್ನು ಆಯ್ದುಕೊಂಡು ಉಳಿದುದನ್ನು ಕಪಾಟಿಗೆ ಸೇರಿಸಿಬಿಡುತ್ತೇವೆ. ಆದರೆ ಇತಿಹಾಸದ ಅಭ್ಯಾಸಿಗೆ ವರದಿಯೊಂದು ಏನನ್ನು ಎಣಿಸಿತೆಂಬುದು ಎಷ್ಟು ಮುಖ್ಯವೋ, ಏನನ್ನು ಎಣಿಸದೆ ಬಿಟ್ಟಿತೆಂಬುದೂ ಅಷ್ಟೇ ಮುಖ್ಯ. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳ ಸಾಮಗ್ರಿ ಖರೀದಿಯನ್ನು ಕುರಿತು ಕಳೆದ ಹದಿನೈದು ವರ್ಷಗಳಲ್ಲಿ ಹೊರಬಂದ ಕೆಲವು ವರದಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2011ರಲ್ಲಿ ಪ್ರಕಟಿಸಿದ ವರದಿ. ಲೆಕ್ಕಿಗರ ಬರವಣಿಗೆಯಲ್ಲಿ ಇಷ್ಟು ಸ್ವಾರಸ್ಯವುಂಟೆಂದು ನಾನು ನಿರೀಕ್ಷಿಸಿರಲಿಲ್ಲ. 61 ಆಸ್ಪತ್ರೆ ಟ್ರಸ್ಟುಗಳ ಖರೀದಿಯನ್ನು ಒಟ್ಟುಗೂಡಿಸಿ ನೋಡಿದಾಗ 21 ಬಗೆಯ ಎ-4 ಕಾಗದ, 652 ಬಗೆಯ ಕೈಗವಸು, 1,751 ಬಗೆಯ ಕ್ಯಾನ್ಯುಲಗಳು ಕಂಡುಬಂದುವು. ಟ್ರಸ್ಟುಗಳು ಒಂದುಗೂಡಿ ಕೊಂಡರೆ ವರ್ಷಕ್ಕೆ ಸುಮಾರು 50 ಕೋಟಿ ಪೌಂಡು ಉಳಿಯಬಹುದೆಂಬುದು ವರದಿಯ ತೀರ್ಮಾನ. ಒಂದೇ ರಾಷ್ಟ್ರೀಯ ಆರೋಗ್ಯ ಸೇವೆಯ ಹೆಸರಿನಲ್ಲಿ ನಡೆಯುವ ಆಸ್ಪತ್ರೆಗಳು ಸಂತೆಗೆ ಬಂದ ಅಪರಿಚಿತರಂತೆ ಬೇರೆಬೇರೆಯಾಗಿ ಚೌಕಾಶಿ ಮಾಡುತ್ತಿದ್ದುದನ್ನು ಈ ಮೂರು ಸಂಖ್ಯೆಗಳು ಪುಟಗಟ್ಟಲೆ ವಿವರಣೆಗಿಂತ ಚೆನ್ನಾಗಿ ತೋರಿಸಿಕೊಟ್ಟವು.

ಆದರೂ ಕಾಗದದ ಪಕ್ಕದಲ್ಲಿ ಕ್ಯಾನ್ಯುಲವನ್ನಿಟ್ಟು ಎಣಿಸುವ ಕ್ರಮವನ್ನು ಒಪ್ಪುವುದು ಕಷ್ಟ. ಹಸುಗೂಸಿನ ರಕ್ತನಾಳಕ್ಕೆ ಸಲ್ಲುವ ಕ್ಯಾನ್ಯುಲ ಅಪಘಾತದಲ್ಲಿ ನೆತ್ತರು ಕಳೆದುಕೊಂಡ ವಯಸ್ಕನಿಗೆ ಸಲ್ಲದು. 1,751ರಲ್ಲಿ ರೋಗಿಯ ಅಗತ್ಯದಿಂದ ಹುಟ್ಟಿದ ವೈವಿಧ್ಯವೆಷ್ಟು, ಮಾರಾಟಗಾರನ ಚಾತುರ್ಯದಿಂದ ಬೆಳೆದುದೆಷ್ಟು ಎಂಬುದು ಆ ಸಂಖ್ಯೆಯೊಂದರಿಂದಲೇ ತಿಳಿಯುವಂತಿಲ್ಲ. ವೈವಿಧ್ಯವೆಲ್ಲ ದುಂದು ಎಂಬ ಭಾವನೆ ಓದುಗನ ಮನಸ್ಸಿನಲ್ಲಿ ನೆಲೆಯೂರುವುದು ಮಾತ್ರ ಖಂಡಿತ.

2016ರ ಲಾರ್ಡ್ ಕಾರ್ಟರ್ ಅವರ ವರದಿಯಲ್ಲಿಯೂ ಇದೇ ದೂರು ಮರಳಿ ಬರುತ್ತದೆ. ಸೊಂಟದ ಕೃತಕ ಕೀಲಿಗೆ ಟ್ರಸ್ಟುಗಳು ತೆರುತ್ತಿದ್ದ ಸರಾಸರಿ ಬೆಲೆ 788 ಪೌಂಡಿನಿಂದ 1,590 ಪೌಂಡಿನವರೆಗೆ ಇತ್ತು. ಐದು ವರ್ಷಗಳ ಅಂತರದಲ್ಲಿ ಒಂದೇ ರೋಗವನ್ನು ಎರಡು ಬಾರಿ ಗುರುತಿಸಿದ ಮೇಲೆ, ಮೊದಲಿನ ಔಷಧ ಏಕೆ ಫಲಿಸಲಿಲ್ಲವೆಂಬ ಪ್ರಶ್ನೆ ಏಳಲೇಬೇಕು. ಅದಕ್ಕೆ ಉತ್ತರವನ್ನು ಬೆಲೆಪಟ್ಟಿಗಿಂತ ಸಂಸ್ಥೆಗಳ ಇತಿಹಾಸದಲ್ಲಿ ಹುಡುಕುವುದು ಮೇಲು. 1991ರಲ್ಲಿ ಸರಬರಾಜಿಗೆಂದು ರಾಷ್ಟ್ರೀಯ ಪ್ರಾಧಿಕಾರವೊಂದು ಸ್ಥಾಪಿತವಾಯಿತು. 2000ದಲ್ಲಿ ಅದನ್ನು ಒಡೆದು ಖರೀದಿಗೊಂದು, ಸಾಗಣೆಗೊಂದು ಸಂಸ್ಥೆಯನ್ನು ಮಾಡಿದರು. ಸಾಗಣೆಯ ಕೆಲಸವು 2006ರಲ್ಲಿ, ನೌಕರರ ಮುಷ್ಕರವನ್ನೂ ಲೆಕ್ಕಿಸದೆ, ಡಿಎಚ್‌ಎಲ್ ಕಂಪನಿಯ ಕೈಗೆ ಹೋಯಿತು. ಖರೀದಿಯ ಸಂಸ್ಥೆ 2010ರಲ್ಲಿ ಮುಚ್ಚಿತು. 2018ರಲ್ಲಿ ಸರ್ಕಾರದ ಒಡೆತನದ ಹೊಸ ಕಂಪನಿ ಹುಟ್ಟಿ, 2021ರಲ್ಲಿ ಅದೂ ಕೈ ಬದಲಾಯಿಸಿತು. ಇಷ್ಟು ಬೇಗಬೇಗ ಹಲಗೆ ಬದಲಾಯಿಸುವ ಅಂಗಡಿಯನ್ನು ಗಿರಾಕಿ ನಂಬುವುದೆಂತು?

ತೊಡಕಿನ ಬೇರು ಇನ್ನೂ ಆಳದಲ್ಲಿದೆ. ಸಗಟು ಖರೀದಿದಾರನಿಗೆ ರಿಯಾಯಿತಿ ದೊರೆಯುವುದು, ಇಷ್ಟು ಸರಕನ್ನು ಕೊಂಡೇ ಕೊಳ್ಳುತ್ತೇನೆಂದು ಆತ ಮಾತು ಕೊಡಬಲ್ಲನಾದರೆ. 1991ರ ಸುಧಾರಣೆಗಳು ಆಸ್ಪತ್ರೆಗಳನ್ನು ಸ್ವತಂತ್ರ ಟ್ರಸ್ಟುಗಳನ್ನಾಗಿ ಮಾಡತೊಡಗಿದುವು. 2004ರಿಂದ ಬಂದ ಫೌಂಡೇಷನ್ ಟ್ರಸ್ಟುಗಳಿಗೆ ಇನ್ನೂ ಹೆಚ್ಚಿನ ಸ್ವಾತಂತ್ರ್ಯ ಸಿಕ್ಕಿತು. ಒಂದು ಕೈಯಿಂದ ಸ್ವಾತಂತ್ರ್ಯವನ್ನು ಕೊಟ್ಟು ಇನ್ನೊಂದು ಕೈಯಿಂದ ಏಕರೂಪತೆಯನ್ನು ಬೇಡಿದಂತಾಯಿತು. ಟ್ರಸ್ಟುಗಳ ಪರವಾಗಿ ಮಾತು ಕೊಡಲು ಕೇಂದ್ರ ಸಂಸ್ಥೆಗೆ ಅಧಿಕಾರವೇ ಇರಲಿಲ್ಲ. 2018ರ ವ್ಯವಸ್ಥೆಯು ಖರೀದಿಯಲ್ಲಿ ತನ್ನ ಪಾಲನ್ನು ಶೇಕಡ 80ಕ್ಕೆ ಏರಿಸುವ ಗುರಿಯನ್ನಿಟ್ಟುಕೊಂಡಿತ್ತು. ಒಟ್ಟುಗೂಡಿದ ಕೊಳ್ಳುವ ಶಕ್ತಿಯ ಫಲ ಇನ್ನೂ ಪೂರ್ತಿಯಾಗಿ ದಕ್ಕಿಲ್ಲವೆಂದು ಲೆಕ್ಕಪರಿಶೋಧಕರು 2024ರ ಜನವರಿಯಲ್ಲಿ ಮತ್ತೊಮ್ಮೆ ಬರೆಯಬೇಕಾಯಿತು.

ಈ ವರದಿಗಳೊಡನೆ ಇಟ್ಟು ಓದಬೇಕಾದುದು ಬ್ಯಾರೊನೆಸ್ ಕಂಬರ್ಲೆಜ್ ಅವರು 2020ರ ಜುಲೈಯಲ್ಲಿ ಒಪ್ಪಿಸಿದ ವರದಿ. ಅದು ಖರೀದಿಯ ವರದಿಯೇ ಅಲ್ಲ. ಅಂಗಗಳ ಜಾರಿಕೆ, ಮೂತ್ರ ಸೋರಿಕೆಯಂಥ ತೊಂದರೆಗಳಿಗೆಂದು ಸ್ತ್ರೀಯರ ಶರೀರದೊಳಗೆ ಇರಿಸಿದ ಜಾಲರಿ ಮೊದಲಾದುವುಗಳಿಂದ ಆದ ಹಾನಿಯನ್ನು ವಿಚಾರಿಸಿದ್ದು. ಎಷ್ಟು ಮಂದಿ ಸ್ತ್ರೀಯರಿಗೆ ಆ ಜಾಲರಿಯನ್ನು ಇರಿಸಲಾಯಿತೆಂಬುದು ಯಾರಿಗೂ ತಿಳಿದಿರಲಿಲ್ಲವೆಂದು ಅದು ಹೇಳುತ್ತದೆ. ಯಾವ ಸಾಧನ ಯಾರ ದೇಹವನ್ನು ಸೇರಿತೆಂಬುದಕ್ಕೆ ಒಂದು ರಾಷ್ಟ್ರೀಯ ದಾಖಲೆ ಬೇಕೆಂಬುದು ಅದರ ಮುಖ್ಯ ಶಿಫಾರಸುಗಳಲ್ಲೊಂದು. ಕೈಗವಸಿನ 652 ಬಗೆಗಳನ್ನು ಲೆಕ್ಕಹಾಕಲು ಸಾಧ್ಯವಾದ ನಾಡಿನಲ್ಲಿ ಜಾಲರಿ ಹೊತ್ತ ಸ್ತ್ರೀಯರ ಲೆಕ್ಕ ಸಿಗಲಿಲ್ಲ. ಉಗ್ರಾಣದ ಬಾಗಿಲು ದಾಟಿದ ಕೂಡಲೆ ಆ ಜಾಲರಿ ಲೆಕ್ಕದಿಂದ ಹೊರಗಾಗುತ್ತಿತ್ತು. ಲೆಕ್ಕಪರಿಶೋಧಕರ ಕೆಲಸ ಹಣದ್ದೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಎರಡು ಬಗೆಯ ಕೀಲುಗಳಲ್ಲಿ ಯಾವುದು ಹೆಚ್ಚು ವರ್ಷ ಬಾಳಿತೆಂಬುದನ್ನು ಅರಿಯದೆ ಯಾವುದು ಅಗ್ಗವೆಂದು ಹೇಳುವುದು ಹಣದ ಲೆಕ್ಕವಾಗಿಯೂ ಅಪೂರ್ಣವೇ.

ಇದನ್ನು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕೇಂದ್ರ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಉಪಕರಣಗಳ ದುರಸ್ತಿಗಾಗಿ 2015ರಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅದರ ಅಂಗವಾಗಿ 29,115 ಆರೋಗ್ಯ ಸಂಸ್ಥೆಗಳಲ್ಲಿ 7,56,750 ಉಪಕರಣಗಳನ್ನು ಎಣಿಸಲಾಗಿ, ಕೆಟ್ಟು ನಿಂತವುಗಳ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಶೇಕಡ 13ರಿಂದ 34ರವರೆಗೆ ಇರುವುದು ತಿಳಿದುಬಂತು. ಕೊಂಡ ದಿನ ಇವೆಲ್ಲವೂ ಕಡತಗಳಲ್ಲಿ ಸಕ್ರಮವಾದ ಖರೀದಿಗಳೇ ಆಗಿದ್ದಿರಬೇಕು. ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ತಮ್ಮ ಜಿಲ್ಲಾ ಆಸ್ಪತ್ರೆಯ ಹಳೆಯ ದಾಸ್ತಾನು ಪುಸ್ತಕಗಳಿಂದ ಪ್ರಾರಂಭಿಸಬಹುದು. ಬಂದದ್ದು, ಕೊಟ್ಟದ್ದು, ಉಳಿದದ್ದು ಎಂಬ ಅಂಕಣಗಳ ಆಚೆಗೆ ಇನ್ನಾವುದಾದರೂ ಅಂಕಣವಿದೆಯೇ, ಇದ್ದರೆ ಯಾವ ವರ್ಷದಿಂದ ಎಂಬುದನ್ನು ಮೊದಲು ಗುರುತುಹಾಕಿಕೊಳ್ಳಲಿ.