ಕೇಳಿಸಿತು ಎಂದರೆ ತಿಳಿಯಿತೆಂದಲ್ಲ

ದೆಹಲಿಗೆ ಬಂದ ಹೊಸತರಲ್ಲಿ ನಮ್ಮಂಥ ಕನ್ನಡಿಗರನ್ನು ಕಾಪಾಡುವ ಮಾತೊಂದಿದೆ: ‘ಹಾಂ ಜೀ’. ಮನೆಯ ಮಾಲೀಕರು ಹೇಳಿದ್ದು ಅರ್ಧವೇ ತಿಳಿದರೂ ‘ಹಾಂ ಜೀ’. ಹಾಲಿನವನು ನಾಳೆ ಬರುವುದಿಲ್ಲವೆಂದರೂ ‘ಹಾಂ ಜೀ’. ಮರುದಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಾಗಲೇ ಅವನು ಹೇಳಿದ್ದೇನೆಂದು ನಮಗೆ ಹೊಳೆಯುವುದು. ಇಲ್ಲಿ ನಷ್ಟವಾಗುವುದು ಒಂದು ಹೊತ್ತಿನ ಕಾಫಿ ಮಾತ್ರ. ಆಕಾಶದಲ್ಲಿ ಇಂಥ ಉತ್ತರಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ದೆಹಲಿಯ ಸಮೀಪದಲ್ಲೇ ನಡೆದ ದುರಂತವೊಂದು ತೋರಿಸಿಕೊಟ್ಟಿದೆ. ಆ ದುರಂತದ ಬಗ್ಗೆ ನಮ್ಮಲ್ಲಿ ರೂಢಿಯಾಗಿರುವ ಅಭಿಪ್ರಾಯವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

1996ರ ನವೆಂಬರ್ 12ರ ಸಂಜೆ. ಸೌದಿ ಅರೇಬಿಯದ ಬೋಯಿಂಗ್ 747 ವಿಮಾನ ದೆಹಲಿಯಿಂದ ಮೇಲೇರುತ್ತಿತ್ತು. ಕಝಾಕಸ್ತಾನದ ಇಲ್ಯೂಶಿನ್ 76 ವಿಮಾನ ಅದೇ ದಾರಿಯಲ್ಲಿ ಎದುರಿನಿಂದ ದೆಹಲಿಗೆ ಇಳಿಯುತ್ತಿತ್ತು. ಏರುವ ವಿಮಾನಕ್ಕೆ 14,000 ಅಡಿ, ಇಳಿಯುವ ವಿಮಾನಕ್ಕೆ 15,000 ಅಡಿ ಎಂದು ನಿಯಂತ್ರಕರು ಎತ್ತರ ಗೊತ್ತುಮಾಡಿದ್ದರು. ಎರಡರ ನಡುವೆ ಸಾವಿರ ಅಡಿಯ ಅಂತರ. ಕಝಾಕ್ ವಿಮಾನದಿಂದ 15,000 ಅಡಿ ತಲುಪಿದ್ದೇವೆಂದು ಉತ್ತರವೂ ಬಂತು. ಎದುರಿಗೆ ಇನ್ನೊಂದು ವಿಮಾನವಿದೆ, ಕಂಡರೆ ತಿಳಿಸಿ ಎಂದು ನಿಯಂತ್ರಕರು ಎಚ್ಚರಿಸಿದರು. ಅದಕ್ಕೂ ಉತ್ತರ ಬಂತು. ಆದರೆ ವಿಮಾನ ಮಾತ್ರ 15,000ದಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿ ಹೊಡೆದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಹಲವರು ಹೊಟ್ಟೆಪಾಡಿಗಾಗಿ ಸೌದಿಗೆ ಹೊರಟಿದ್ದ ನಮ್ಮ ದೇಶದ ಬಡವರು.

ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆ ತಪ್ಪನ್ನು ಕಝಾಕ್ ವಿಮಾನದ ಮೇಲೆ ಹೊರಿಸಿತು. ಆ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿತ್ತು ಎಂಬುದು ಅದು ಹೇಳಿದ ಕಾರಣಗಳಲ್ಲಿ ಒಂದು. ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ. ‘ಪಾಪ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ’ ಎಂದು ಹೇಳಿ ಮಾತು ಮುಗಿಸುತ್ತೇವೆ. ನಮ್ಮ ಆಕ್ಷೇಪಣೆ ಇಲ್ಲಿದೆ. ಸಿಬ್ಬಂದಿಯಲ್ಲಿ ಪರಸ್ಪರ ಹೊಂದಾಣಿಕೆ ಇರಲಿಲ್ಲ, ಅವರ ವರ್ತನೆಯಲ್ಲಿ ಉದಾಸೀನವಿತ್ತು ಎಂಬ ಮಾತುಗಳೂ ಅದೇ ವರದಿಯಲ್ಲಿದ್ದವು. ಅವನ್ನು ನಾವೇಕೆ ಮರೆತೆವು?

ಆ ವಿಮಾನದಲ್ಲಿ ನೆಲದೊಡನೆ ಮಾತನಾಡುತ್ತಿದ್ದವನು ರೇಡಿಯೋ ಆಪರೇಟರ್. ವಿಮಾನ ನಡೆಸುತ್ತಿದ್ದವರು ಪೈಲಟ್‌ಗಳು. ಎತ್ತರ ತೋರಿಸುವ ಉಪಕರಣ ಆಪರೇಟರ್‌ನ ಮುಂದೆ ಇರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಕೇಳಿದ ಕಿವಿ ಒಬ್ಬನದು, ಚಾಲನೆಯ ಕೈ ಇನ್ನೊಬ್ಬನದು. ಎತ್ತರ ತಪ್ಪಿದ್ದನ್ನು ಆಪರೇಟರ್ ಕಂಡು ಕೂಗಿದಾಗ ಕಾಲ ಮಿಂಚಿತ್ತು. ಇತ್ತ ನೆಲದ ಮೇಲೆ, ಅಂದಿನ ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಎತ್ತರದ ಮಟ್ಟಿಗೆ ನಿಯಂತ್ರಕರಿಗೆ ಕಿವಿಯೇ ಕಣ್ಣು. ‘15,000’ ಎಂದು ಕೇಳಿದ ಮೇಲೆ ನಂಬದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಇಂಗ್ಲಿಷ್ ಬಂದರೆ ಸಾಕೆನ್ನುವವರು 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರೀಫ್ ದ್ವೀಪದಲ್ಲಿ ನಡೆದುದನ್ನು ನೋಡಬೇಕು. ಮಂಜು ಕವಿದಿದ್ದ ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಡಚ್ ಕ್ಯಾಪ್ಟನ್ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ, ಇಂಗ್ಲಿಷ್ ಬಾರದವರಲ್ಲ. ಮುಂದೆ ಹಾರಬೇಕಾದ ಮಾರ್ಗವನ್ನು ನಿಯಂತ್ರಕರು ತಿಳಿಸಿದರು. ಅದರಲ್ಲಿ ‘ಟೇಕಾಫ್’ ಎಂಬ ಪದವಿತ್ತು. ಹೊರಡುವ ಅನುಮತಿ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ವಿಮಾನ ಹೊರಟೇಬಿಟ್ಟಿತು. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂದು ಸಹಪೈಲಟ್ ಹೇಳಿದ್ದನ್ನು, ಹೊರಡಲು ಸಿದ್ಧವಾಗಿ ನಿಂತಿದ್ದಾರೆಂದು ನಿಯಂತ್ರಕರು ತಿಳಿದರು. ‘ಓಕೆ’ ಎಂದು, ಅದರ ಬೆನ್ನಿಗೇ ಕಾಯಲು ಹೇಳಿದರು. ಅದೇ ಕ್ಷಣ ಎದುರಿನ ವಿಮಾನವೂ ಮಾತನಾಡಿದ್ದರಿಂದ ರೇಡಿಯೋ ಕಿರುಚಿತು. ‘ಓಕೆ’ಯ ಮುಂದಿನ ಮಾತು ಸ್ಪಷ್ಟವಾಗಲಿಲ್ಲ. ಎದುರಿನ ವಿಮಾನ ದಾರಿ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಕೇಳಿಯೇ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ ಮೇಲೆ ಅವನು ಸುಮ್ಮನಾದ.

ಆ ಬಳಿಕ ‘ಟೇಕಾಫ್’ ಪದವನ್ನು ಹೊರಡುವ ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸಬೇಕೆಂದು ಕಟ್ಟುಮಾಡಿದರು. ಚರಖಿ ದಾದ್ರಿಯ ನಂತರ ದೆಹಲಿಯಲ್ಲಿ ಬರುವ ಹೋಗುವ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಂತು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ 2008ರಿಂದ ಪೈಲಟ್‌ಗಳಿಗೂ ನಿಯಂತ್ರಕರಿಗೂ ಇಂಗ್ಲಿಷಿನ ಕನಿಷ್ಠ ಮಟ್ಟವನ್ನು ಕಡ್ಡಾಯ ಮಾಡಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಪರೀಕ್ಷೆ ಅಳೆಯುವುದು ಒಬ್ಬನ ಭಾಷೆಯನ್ನು. ಕೇಳಿದ್ದು ಪಕ್ಕದವನಿಗೆ ತಲುಪಿತೇ, ಕಿರಿಯನ ಸಂಶಯಕ್ಕೆ ಹಿರಿಯ ಕಿವಿಗೊಟ್ಟನೇ ಎಂಬುದನ್ನು ಅದು ಅಳೆಯಲಾರದು.

ವೈಮಾನಿಕರ ಪರಿಭಾಷೆಯಲ್ಲಿ ‘ರೋಜರ್’ ಎಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು ಎಂದಷ್ಟೇ ಅರ್ಥ. ಹಾಗೆಯೇ ಮಾಡುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಬೇರೆ ಪದವೇ ಇದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಈ ವ್ಯತ್ಯಾಸವೂ ಇಲ್ಲ. ಸುತ್ತೋಲೆಯ ಅಂಚಿನಲ್ಲಿ ಇಪ್ಪತ್ತು ಜನ ‘ನೋಡಿದೆ’ ಎಂದು ಚುಟುಕು ಸಹಿ ಹಾಕಿರುತ್ತೇವೆ; ಓದಿದವರು ಇಬ್ಬರಿದ್ದರೆ ಹೆಚ್ಚು. ‘ಸರ್, ಇದು ತಿಳಿಯಲಿಲ್ಲ’ ಎಂದು ಮೇಲಧಿಕಾರಿಗಳ ಮುಂದೆ ಹೇಳಿದ ದಿನ ನಮ್ಮ ಸೇವೆಯಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿದರೆ ನಾಚಿಕೆಯಾಗುತ್ತದೆ.

ಆದುದರಿಂದ ಭಾಷೆ ಬಾರದವನನ್ನು ನೋಡಿ ಮರುಗುವ ಮೊದಲು, ಬಾರದೆಂದು ಹೇಳಿಕೊಳ್ಳಲು ನಾವು ಯಾರಿಗೆ ಎಷ್ಟು ಅವಕಾಶ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ‘ಇನ್ನೊಮ್ಮೆ ಹೇಳಿ’ ಎಂಬುದು ಆಕಾಶದಲ್ಲಿ ನಿಯಮದಂತೆ ಒಪ್ಪಿದ ಮಾತು. ಮನೆಯಲ್ಲಿ, ಕಚೇರಿಯಲ್ಲಿ, ನಮ್ಮ ಸಂಘದ ಸಭೆಯಲ್ಲಿ ಕೂಡ ಅದನ್ನು ಅವಮಾನವೆಂದು ಎಣಿಸದಿರೋಣ. ನಾವಂತೂ ಈಗ ಹಾಲಿನವನನ್ನು ಎರಡು ಸಲ ಕೇಳುತ್ತೇವೆ.